ಮಲ್ಲಸಂದ್ರದವರೆಗಿನ ಪಾಸು

ಗುಬ್ಬಿಯಿಂದ ತುಮಕೂರಿಗೆ ಹೊರಟ ಬೆಳಗಿನ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದ ಗಂಡ ಹೆಂಡತಿ. ಆಕೆಯ ಆಧಾರ್ ನೋಡಿ ಕಂಡಕ್ಟರ್ ತುಮಕೂರಿಗೆ ಹೆಂಗಸರ ಫ್ರೀ ಟಿಕೆಟ್ ಕೊಟ್ಟ. ಯಜಮಾನರು ತಿಂಗಳ ಪಾಸು ತೋರಿಸಿದರು.

"ಇದು ಮಲ್ಲಸಂದ್ರದವರ್ಗೆ ಮಾತ್ರ. ಮುಂದಿನ ಸ್ಟೇಜಿಗೆ ಟಿಕೆಟ್ ತಗೋಬೇಕು."

"ಪಾಸ್ ಮಾಡ್ಸಿದ್ದು ಅಲ್ಲಿನ ಗೋಡೌನ್ ಕೆಲ್ಸಕ್ಕೆ ಕಣಪ್ಪ. ಇವಳ್ಗೆ ಡಯಾಲಿಸಿಸ್ ಶುರುವಾಗಿದ್ದು ಆಮೇಲೆ."

ದಿನಕ್ಕೆ ಹತ್ತು ಸಲ ಬೇಕಾದರೂ ಓಡಾಡಿಸುವ ಪಾಸು, ಬರೆದ ಸ್ಟೇಜಿನಿಂದಾಚೆಗೆ ಒಂದೇ ಒಂದು ಸಲವೂ ಬಿಡುವುದಿಲ್ಲ. ಈ ನ್ಯಾಯ ನನ್ನ ತಲೆಗೆ ಹತ್ತಲಿಲ್ಲ. ಅವರ ಟಿಕೆಟ್ ನಾನೇ ತೆಗೆಯಲು ಹೋದೆ.

"ಇವತ್ತು ನೀವ್ ತಗೊಡ್ತೀರಿ. ನಾಳಿದ್ದು? ಅದ್ರಾಚೆ?" ಎಂದರು. "ಇವಳ್ನ ಮಿಷಿನ್ನಿಂದ ಬಿಡೋಕೆ ನಾಲ್ಕು ಗಂಟೆ ಆಯ್ತದೆ. ಅಷ್ಟ್ರಲ್ಲಿ ನಡ್ಕಂಡ್ ಬರ್ತೀನಿ ಬುಡಿ."

ಮಲ್ಲಸಂದ್ರದಲ್ಲಿ ಅವರೊಬ್ಬರೇ ಇಳಿದರು. ಹೆಗಲ ಮೇಲಿದ್ದ ಟವೆಲನ್ನು ತಮ್ಮ ಸೀಟಿನ ಮೇಲೆ ಹಾಸಿಹೋಗಿದ್ದರು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ; ರಸ್ತೆಯಂಚಿನಲ್ಲಿ ಒಂದು ಕಾಲು ಎಳೆಯುತ್ತ ನಡೆಯುತ್ತಿದ್ದರು, ಆಗಲೇ ಬಹಳ ಹಿಂದೆ ಉಳಿದಿದ್ದರು.

ಅಲ್ಲಿ ಹತ್ತಿದ್ದವನೊಬ್ಬ ಕೂರಲು ಬಂದು ಟವೆಲಿಗೆ ಕೈಹಾಕಿದ. ಆಕೆ ಅದರ ಮೇಲೆ ತಮ್ಮ ಕೈಯಿಟ್ಟರು.

"ಜನ ಬರ್ತಾರೆ ಕಣಪ್ಪ" ಎಂದರು.