ಎದ್ದು ಕೂತ ಕಪ್ಪೆ

ಕಂಪ್ಯೂಟರಿನಲ್ಲೇ ಕಪ್ಪೆ ಕೊಯ್ಯುವುದು ಹೇಗೆ ಅಂತ ಕಾಲೇಜು ಮೇಷ್ಟ್ರುಗಳಿಗೆ ಹೇಳಿಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಒಂದೇ ಜಗಳ ಕೇಳಿ ಕೇಳಿ ಸಾಕಾಗಿದೆ. ಸೂಲಿಬೆಲೆ ಕಡೆಯ ಕಾಲೇಜಿನಲ್ಲೂ ಅದೇ ಆಯಿತು.

"ಕೈಯಾರೆ ಕೊಯ್ಯದೆ ಹುಡುಗ್ರು ಏನ್ರೀ ಕಲೀತಾರೆ?" ಅಂತ ಒಬ್ಬ ಮೇಷ್ಟ್ರು. "ಒಂದು ಪಾಠಕ್ಕೆ ಜೀವ ತೆಗೀಬೇಕೇನ್ರೀ?" ಅಂತ ಇನ್ನೊಬ್ಬರು. ಪರದೆಯ ಕಡೆ ಇಬ್ಬರೂ ತಿರುಗಲಿಲ್ಲ.

ನೋಡುತ್ತಾ ನಿಂತಿದ್ದವರು ಲ್ಯಾಬ್ ಅಟೆಂಡರ್ ಮುನಿಯಪ್ಪನವರು ಮಾತ್ರ. ಮೊದಲೆಲ್ಲ ಕೆರೆಯಿಂದ ಕಪ್ಪೆ ಹಿಡಿದು ತಂದು, ಕ್ಲೋರೋಫಾರ್ಮ್ ಕೊಟ್ಟು, ಟ್ರೇನಲ್ಲಿ ಅಂಗಾತ ಮಲಗಿಸಿ ಗುಂಡುಸೂಜಿ ಚುಚ್ಚುತ್ತಿದ್ದವರು ಅವರೇ. ನಾನು ಪರದೆಯ ಮೇಲಿನ ಕಪ್ಪೆಯ ಹೊಟ್ಟೆ ಸೀಳಿ, ಹೃದಯ ತೋರಿಸಿ, ಕೊನೆಗೊಂದು ಬಟನ್ ಒತ್ತಿದೆ. ಹೊಟ್ಟೆ ಕೂಡಿಕೊಂಡು ಕಪ್ಪೆ ಎದ್ದು ಕೂತಿತು.

"ಸಾರ್, ಇನ್ನೊಂದ್ಸಲ ಎಬ್ಸಿ," ಅಂದರು ಮುನಿಯಪ್ಪ.

ಮತ್ತೆ ಕೊಯ್ದು ಎಬ್ಬಿಸಿದೆ. ಮತ್ತೆ ಕೇಳಿದರು. ನಾಲ್ಕನೇ ಸಲ ಮೌಸನ್ನೇ ಅವರ ಕೈಗೆ ಕೊಟ್ಟುಬಿಟ್ಟೆ. ಅವರು ಕೊಯ್ಯಲಿಲ್ಲ. ಎದ್ದು ಕೂತ ಕಪ್ಪೆಯನ್ನೇ ನೋಡುತ್ತಾ, "ನನ್ ಕೈಲಿ ಒಂದೂ ಹಿಂಗೆ ಎದ್ದಿರ್ಲಿಲ್ಲ, ಸಾರ್," ಅಂದರು.

ಮೇಷ್ಟ್ರುಗಳ ಜಗಳ ಇನ್ನೂ ಮುಗಿದಿರಲಿಲ್ಲ. ತರಬೇತಿ ಪಡೆದವರ ಫಾರಂನಲ್ಲಿ ಮುನಿಯಪ್ಪ ಅಂತ ಒಂದೇ ಹೆಸರು ಬರೆದು, ಬಸ್ಸು ಹತ್ತಿದೆ.