ಒಂದೇ ಗೇರಿನಲ್ಲಿ ನಾಲ್ಕು ತಿಂಗಳು

ಕುತ್ತಿಗೆಯ ಆಪರೇಷನ್ ಆದ ಎರಡು ತಿಂಗಳಿಗೆ ನಾನು ಸೈಕಲ್ ಹತ್ತಿದೆ. ಥೈರಾಯ್ಡ್ ಗ್ರಂಥಿಯಲ್ಲಿ ಗಂಟಾಗಿತ್ತು, ತೆಗೆಯಲೇಬೇಕಿತ್ತು. ದನಿಯ ನರ ಅದರ ಬೆನ್ನಿಗೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಕೆಡಬಹುದು ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಹಾಗೆಯೇ ಆಯಿತು. ಎಚ್ಚರವಾದಾಗ ನೀರು ಕೇಳಿದೆ. ಬಾಯಿಂದ ಬಂದದ್ದು ಬರೀ ಗಾಳಿ.

ಅಲ್ಲಿಯವರೆಗೆ ಇಪ್ಪತ್ತೆರಡು ವರ್ಷ ಧಾರವಾಡದ ನಮ್ಮ ಮನೆಯಲ್ಲಿ ಹಾಡು ಕಲಿಸುತ್ತಿದ್ದೆ. ನಾನು ಹೆಸರಾದ ಗಾಯಕಿಯಲ್ಲ. ಬೆಳಿಗ್ಗೆ ಐದೂವರೆಗೆ ಕೂತರೆ ಏಳರವರೆಗೆ ನನ್ನ ರಿಯಾಜು, ಆಮೇಲೆ ಶಿಷ್ಯರು, ಮಧ್ಯಾಹ್ನ ಒಂದು ನಿದ್ದೆ, ಸಂಜೆ ಮತ್ತೆ ಶಿಷ್ಯರು. ಇಷ್ಟೇ ನನ್ನ ದಿನ. ಆಪರೇಷನ್ ಆದ ಮೇಲೆ ಶಿಷ್ಯರನ್ನು ಹಾಡು ಕಲಿಸುವ ಪರಿಚಯದ ಇನ್ನೊಬ್ಬ ಬಾಯಾರ ಬಳಿಗೆ ಕಳಿಸಿದೆ. ನೋಡಲು ಬಂದವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಅವರಿಗೆ ಚಹಾ ಮಾಡಿಕೊಟ್ಟೆ. ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ.

ಐದೂವರೆಗೆ ಎಚ್ಚರವಾಗುವುದು ಮಾತ್ರ ತಪ್ಪಲಿಲ್ಲ. ಎದ್ದು ಸುಮ್ಮನೆ ಕೂತಿರುತ್ತಿದ್ದೆ. ಅದನ್ನು ನೋಡಲಾರದೆ ನನ್ನ ಗಂಡ ತಮ್ಮ ಎರಡನೆಯ ಸೈಕಲ್ಲನ್ನು ನನಗೆ ಕೊಟ್ಟರು. ಅವರು ವಕೀಲರು. ವಾರವಿಡೀ ಕೋರ್ಟು, ರವಿವಾರ ಮಾತ್ರ ಗೆಳೆಯರ ಜೊತೆ ಗುಡ್ಡದ ದಾರಿಗಳಲ್ಲಿ ಸೈಕಲ್ ತುಳಿಯುವ ಹುಚ್ಚು. ಅಗಲ ಟಯರಿನ ಆ ಮೌಂಟೇನ್ ಬೈಕನ್ನು ನಾನು ಓಣಿಯಲ್ಲಿ ನಾಲ್ಕು ದಿನ ಆಡಿಸಿದೆ. ಐದನೆಯ ದಿನ ಕೆಲಗೇರಿ ಕೆರೆ ದಾಟಿದೆ. ಆಮೇಲೆ ದಿನಾ ಮುಗದ ಎಂಬ ಹಳ್ಳಿಯ ಕಡೆಯ ಮಣ್ಣುದಾರಿ.

ನಾನು ಬಿಡದೆ ಹೋಗುತ್ತಿರುವುದನ್ನು ಕಂಡು ಅವರಿಗೆ ಹುರುಪು ಬಂತು. ಒಂದು ದಿನ ಕೊರಿಯರ್‌ನಲ್ಲಿ ಸಣ್ಣ ಸಣ್ಣ ಡಬ್ಬಿಗಳು ಬಂದವು. ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಚ್ಛ, ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ, ಪೆಡಲಿನ ಹತ್ತಿರದ ಚಕ್ರ, ಬಂಗಾರದ ಬಣ್ಣದ ಚೈನು. ಎಲ್ಲವೂ ಪಂದ್ಯಕ್ಕೆ ಹೋಗುವವರು ಹಾಕಿಸುವಂಥವು. ಕ್ಯಾಸೆಟ್ಟನ್ನು ನನ್ನ ಅಂಗೈ ಮೇಲಿಟ್ಟರು.

"ಭಾರ ಅನಿಸ್ತದೇನು? ಏರು ಹತ್ತೂದು ಇನ್ನ ನಿನಗ ಹಗುರಾಗ್ತದ ನೋಡು," ಎಂದರು.

ಅದು ನಿಜಕ್ಕೂ ಹಗುರವಾಗಿತ್ತು. ತಲೆಯಾಡಿಸಿದೆ. ಅವರು ಇನ್ನೂ ಏನನ್ನೋ ಕಾಯುವವರಂತೆ ನನ್ನ ಮುಖ ನೋಡುತ್ತಿದ್ದರು. ಸಂತೋಷಪಡಬೇಕಿತ್ತು ಎಂದು ನನಗೆ ಗೊತ್ತಾಗುತ್ತಿತ್ತು. ನಕ್ಕೆ.

ಅವನ್ನೆಲ್ಲ ಅವರು ತಾವೇ ನನ್ನ ಸೈಕಲ್ಲಿಗೆ ಹಾಕಿದರು. ನಾಲ್ಕು ತಿಂಗಳು ಹೀಗೇ ಕಳೆದವು. ಮಳೆಗಾಲ ಮುಗಿದು ದಾರಿಯ ಕೆಂಪು ಮಣ್ಣು ಒಣಗಿ ಹಿಟ್ಟಾಗಿತ್ತು. ಎರಡು ದಿನಕ್ಕೊಮ್ಮೆ ಚೈನಿಗೆ ಎಣ್ಣೆ ಬಿಡುತ್ತಿದ್ದೆ, ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದೆ. ದಾರಿಯಲ್ಲಿ ಏನು ನೋಡಿದೆ, ಏನು ಯೋಚಿಸಿದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಕೊನೆಕೊನೆಗೆ ಚೈನು ಒಂದು ಬಗೆಯ ಸದ್ದು ಮಾಡತೊಡಗಿತ್ತು, ಮರಳು ಅಗಿದಂತೆ. ತಂಬೂರಿಯ ತಂತಿ ಕೂದಲೆಳೆಯಷ್ಟು ಇಳಿದರೂ ತಡೆಯದ ಕಿವಿ ನನ್ನದು. ಆ ಸದ್ದು ಮೊದಲ ದಿನವೇ ಕೇಳಿತ್ತು. ಕೇಳಿಸಿಕೊಂಡೇ ತುಳಿಯುತ್ತ ಹೋದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಮುಗದ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಏರಿನಲ್ಲಿ ಎದ್ದುನಿಂತು ತುಳಿದೆ. ಚೈನು ಹಲ್ಲು ಬಿಟ್ಟು ಜಾರಿತು. ಕಾಲು ಒಮ್ಮೆಲೇ ಖಾಲಿ ಕೆಳಗೆ ಹೋಯಿತು, ಎದೆ ಹ್ಯಾಂಡಲ್ಲಿಗೆ ಬಡಿಯಿತು, ಸೈಕಲ್ ಸಮೇತ ದಾರಿಬದಿಯ ಕಲ್ಲುಗಳ ಮೇಲೆ ಬಿದ್ದೆ. ಮೊಣಕಾಲು ಒಡೆದು ರಕ್ತ ಪಾದದವರೆಗೂ ಇಳಿಯುತ್ತಿತ್ತು. ಕಾಲು ಸೈಕಲ್ಲಿನ ಅಡಿಯಲ್ಲಿ ಸಿಕ್ಕಿತ್ತು, ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಪಕ್ಕದ ಹೊಲದಲ್ಲಿ ಒಬ್ಬಾಕೆ ನನಗೆ ಬೆನ್ನುಮಾಡಿ ಕಡಲೆ ಗಿಡದ ಕುಡಿ ಚಿವುಟುತ್ತಿದ್ದಳು. ಕೂಗಿದರೆ ಕೇಳುವಷ್ಟು ದೂರ. ಕೂಗಿದೆ. ಗಾಳಿ ಬಂತು. ಮತ್ತೆ ಕೂಗಿದೆ. ಅವಳು ಚಿವುಟುತ್ತ ಚಿವುಟುತ್ತ ಮುಂದೆ ಹೋದಳು.

ಹೆದರಿಕೆಯಾಗಬೇಕಿತ್ತು. 'ಓಹೋ, ಹೀಗೂ ಆಗುತ್ತದೆ' ಎಂದಷ್ಟೇ ಅನಿಸಿತು. ಎಷ್ಟೋ ಹೊತ್ತಿಗೆ ಅವಳು ಸಾಲು ಮುಗಿಸಿ ಹೊರಳಿದಾಗ ನನ್ನನ್ನು ಕಂಡಳು.

"ಅಯ್ಯ, ಯಾವಾಗ ಬಿದ್ರಿ? ಒಂದ ಮಾತ ಒದರಬಾರದೇನ್ರಿ ಯವ್ವಾ?" ಎನ್ನುತ್ತ ಬಂದು ಸೈಕಲ್ ಎತ್ತಿದಳು. ಗಂಟಲು ತೋರಿಸಿ ಕೈ ಅಲ್ಲಾಡಿಸಿದೆ. ಮೂಕಿ ಎಂದುಕೊಂಡಳು. ಆಮೇಲೆ ಅವಳೂ ಮಾತಾಡಲಿಲ್ಲ, ಸನ್ನೆಯಲ್ಲೇ ನೀರು ಬೇಕೇ ಎಂದು ಕೇಳಿದಳು.

ನನ್ನ ಗಂಡನ ಸಿಟ್ಟೆಲ್ಲ ಆ ಕ್ಯಾಸೆಟ್ಟಿನ ಮೇಲೆ ತಿರುಗಿತು. ಫೋಟೋ ತೆಗೆದು ಮಾರಿದವರಿಗೆ ಕಳಿಸಿದರು. ಇದು ಬಳಕೆಯಿಂದಾದ ಸವೆತ, ಮಾಲಿನ ದೋಷವಲ್ಲ ಎಂದು ಉತ್ತರ ಬಂತು. ಗ್ರಾಹಕರ ವೇದಿಕೆಗೆ ಹೋಗುತ್ತೇನೆಂದು ನೋಟೀಸು ಬರೆಯಲು ಕೂತರು. ಎರಡು ದಿನ ಕೋರ್ಟಿಗೂ ಸರಿಯಾಗಿ ಹೋಗಲಿಲ್ಲ. ಮೂರನೆಯ ದಿನ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು, ನನ್ನನ್ನೂ ಕೂರಿಸಿಕೊಂಡು, ಹುಬ್ಬಳ್ಳಿಗೆ ಹೊರಟರು. ಅಲ್ಲಿ ಅವರ ಗೆಳೆಯರೆಲ್ಲ ನಂಬುವ ಒಬ್ಬ ಮುಸ್ಲಿಂ ಸೈಕಲ್ ಮೇಸ್ತ್ರಿ ಇದ್ದಾರೆ. ಎಲ್ಲರಿಗೂ ಅವರು ಕಾಕಾ. ಮಾಲು ಕಚ್ಚಾ, ಅಂದರೆ ಕಳಪೆ, ಎಂದು ಅವರ ಬಾಯಿಂದ ಹೇಳಿಸಿ ನೋಟೀಸಿನಲ್ಲಿ ಸೇರಿಸುವುದು ನನ್ನ ಗಂಡನ ಯೋಚನೆ.

ಕಾಕಾ ಹಿಂಗಾಲಿ ಬಿಚ್ಚಿ, ಕ್ಯಾಸೆಟ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅರಿವೆಯಿಂದ ಒರೆಸಿ, ಕನ್ನಡಕ ಹಾಕಿಕೊಂಡು ನೋಡಿದರು. ಹನ್ನೆರಡು ಚಕ್ರಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಹಲ್ಲುಗಳು ಕುಡುಗೋಲಿನ ತುದಿಯಂತೆ ಒಂದೇ ಕಡೆ ಬಾಗಿ ಚೂಪಾಗಿದ್ದವು.

"ಮಾಲು ಕಚ್ಚಾ ಅಲ್ರಿ ಸಾಹೇಬ್ರ," ಎಂದರು. "ಈ ದೊಡ್ಡ ಚಕ್ರ ಅಲ್ಯುಮಿನಿಯಂದು. ಹಗುರ ಆಗಲಿ ಅಂತ ಹಂಗ ಮಾಡಿರ್ತಾರ. ಕಡಕ್ ಏರು ಬಂದಾಗ ಎರಡು ನಿಮಿಷ ಹಾಕೂದು, ಮತ್ತ ಸಣ್ಣದಕ್ಕ ಇಳಿಸೂದು. ಎಣ್ಣಿ ಮ್ಯಾಲ ಕೆಂಪ ಧೂಳ ಕುಂತು ಮಸಾಲಿ ಅರದಂಗ ಅರದೈತಿ, ಅದೂ ಖರೇ. ಆದ್ರ ಉಳಿದ ಹನ್ನೊಂದು ನೋಡ್ರಿ."

ಉಳಿದ ಹನ್ನೊಂದು ಡಬ್ಬಿಯಿಂದ ಈಗ ತೆಗೆದಂತೆ ಹೊಳೆಯುತ್ತಿದ್ದವು.

"ಯಾರು ಓಡಸ್ತಾರ ಇದನ್ನ?"

ಇವರು ನನ್ನ ಕಡೆ ನೋಡಿದರು. ಕಾಕಾ ಕನ್ನಡಕ ತೆಗೆದು ನನ್ನನ್ನು ಕೇಳಿದರು: "ಬಾಯಾರ, ಗೇರು ಬದಲಿ ಮಾಡಾಕ ಬರೂದಿಲ್ಲೇನ್ರಿ ನಿಮಗ?"

"ಬರ್ತದ," ಎಂದೆ. ನನ್ನ ಪಿಸುಮಾತು ಕೇಳಲು ಅವರು ಮುಂದೆ ಬಾಗಿದರು.

"ಮತ್ತ ಇಳಿಜಾರಿನ್ಯಾಗೂ ಇದರಾಗ ಹೊಂಟೀರಿ. ಸಪಾಟ ದಾರ್ಯಾಗೂ ಇದ. ಒಮ್ಮೆನೂ ಬದಲಿ ಮಾಡಿಲ್ಲ ನೀವು. ಗರ್ ಗರ್ ಅಂತ ಅವಾಜ್ ಬರ್ತಿದ್ದಿಲ್ಲೇನ್ರಿ?"

"ಬರ್ತಿತ್ತು."

"ಕೇಳ್ತಿದ್ದಿಲ್ಲೇನ್ರಿ?"

"ಕೇಳ್ತಿತ್ತು, ಕಾಕಾ."

ಕಾಕಾ ಕೈ ಒರೆಸಿಕೊಂಡು ಎದ್ದರು. ಒಳಗಿನಿಂದ ಉಕ್ಕಿನ ಕ್ಯಾಸೆಟ್ಟು, ಸಾದಾ ಚೈನು ತಂದರು. "ಇದು ಒಜ್ಜಿ ಐತಿ, ಹಗುರ ಅಲ್ಲ, ಆದ್ರ ತಡೀತೈತಿ," ಎಂದು ಇವರಿಗೆ ಹೇಳಿ ಹಾಕತೊಡಗಿದರು. ಇವರು ಹಳೆಯ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

ವಾಪಸು ಬರುವಾಗ ನವನಗರದ ಹತ್ತಿರ ಚಹಾದ ಗಾಡಿಯ ಮುಂದೆ ಕಾರು ನಿಲ್ಲಿಸಿದರು. ಇಬ್ಬರೂ ಇಳಿಯಲಿಲ್ಲ. ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಇವರು ಹೇಳಿದರು:

"ಆಪರೇಷನ್ ಲಗೂ ಮಾಡಿಸಿಬಿಡೂಣು ಅಂತ ಗಡಿಬಿಡಿ ಮಾಡಿದಾಂವ ನಾನು. ಇನ್ನೊಬ್ಬ ಡಾಕ್ಟರಿಗೆ ತೋರಿಸೂಣು ಅಂತ ನೀ ಅಂದಿದ್ದಿ."

"ಇನ್ನೊಬ್ಬರೂ ಆಪರೇಷನ್ ಅಂತನ ಹೇಳ್ತಿದ್ರು."

"ಇರಬಹುದು. ಆದ್ರೂ ನೀ ಅಂದಿದ್ದಿ."

ಆರು ತಿಂಗಳಿಂದ ಅವರು ಇದನ್ನು ಹೊತ್ತುಕೊಂಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಅವರ ಕೈ ಹಿಡಿದುಕೊಂಡೆ. ಹಿಡಿಯಬೇಕಾದ ಹೊತ್ತು ಅದು ಎಂದು ತಿಳಿದು ಹಿಡಿದದ್ದೇ ಹೊರತು ಒಳಗೆ ಏನೂ ಅಲುಗಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಿದೆ, ಆದರೆ ಆದದ್ದು ಹಾಗೆ.

ನೋಟೀಸನ್ನು ಅವರು ಕಳಿಸಲಿಲ್ಲ. ನಾನು ಮತ್ತೆ ಬೆಳಿಗ್ಗೆ ಹೋಗತೊಡಗಿದೆ. ಗೇರು ಬದಲಿಸಬೇಕೆಂದು ನೆನಪು ಮಾಡಿಕೊಂಡು ಬದಲಿಸುತ್ತಿದ್ದೆ, ಔಷಧಿ ತೆಗೆದುಕೊಂಡ ಹಾಗೆ. ವರ್ಷ ತುಂಬುವ ಹೊತ್ತಿಗೆ ದನಿ ಅರ್ಧಮರ್ಧ ಬಂತು, ದಪ್ಪಗೆ, ಒಡಕಾಗಿ. ಮೇಲಿನ ಸ್ವರಗಳು ಬರುವುದಿಲ್ಲ ಎಂದು ವೈದ್ಯರು ಹೇಳಿದರು. ಸರಿ ಎಂದೆ.

ಅದಾದ ಮೇಲೆ ಒಂದು ದಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುವಾಕೆ ಮೇಲೆ ಹಸಿರು, ಒಳಗೆ ಕೊಳೆತ ಕೊತ್ತಂಬರಿಯ ಕಟ್ಟು ಕೊಟ್ಟಳು. ಬಿಚ್ಚಿ ತೋರಿಸಿದೆ. ಎಲ್ಲಾ ಹಂಗ ಅದಾವ ಎಂದಳು. ಆಗ ಎಲ್ಲಿತ್ತೋ ಸಿಟ್ಟು, ಮೈಯೆಲ್ಲ ಬಿಸಿಯಾಯಿತು. "ಹಂಗ ಅದಾವ ಅಂದ್ರ? ಕೊಳತಿದ್ದು ಕೊಟ್ಟು ಹಂಗ ಅದಾವ ಅಂದ್ರ ಹೆಂಗ?" ಎಂದು ಆ ಒಡಕು ದನಿಯಲ್ಲೇ ಜಗಳಕ್ಕೆ ನಿಂತೆ. ಅಕ್ಕಪಕ್ಕದವರು ತಿರುಗಿ ನೋಡಿದರು. ಅವಳು ಇನ್ನೊಂದು ಕಟ್ಟು ತೆಗೆದು ನನ್ನ ಚೀಲಕ್ಕೆ ಹಾಕಿದಳು.

"ನೆಗಡಿ ಭಾಳ ಆಗೇತೇನ್ರಿ ಬಾಯಾರ, ದನಿ ಬಿದ್ದೈತಿ," ಎಂದಳು.

"ಹೂಂ," ಎಂದೆ.

ಒಂದು ತುಂಡು ಹಸಿಶುಂಠಿಯನ್ನೂ ಚೀಲಕ್ಕೆ ಹಾಕಿದಳು.