ಚರಂಡಿ ಅರ್ಜಿಯ ಕೊನೆಯ ಸಾಲು

ಕಡೂರಿನ ತಾಲ್ಲೂಕು ಕಚೇರಿ ಎದುರು ಕುಳಿತು ಅರ್ಜಿ ಬರೆದು ಬರೆದೇ ನಾನು ಮುದುಕನಾದೆ. ಚೌಳಹಿರಿಯೂರು, ಎಮ್ಮೆದೊಡ್ಡಿ ಕಡೆಯ ರೈತರು ಬಸ್ಸಿಳಿದವರೇ ನೇರ ನನ್ನ ಮೇಜಿಗೆ ಬರುತ್ತಿದ್ದರು. ನಾನು ಬರೆದ ಅರ್ಜಿ ವಾಪಸ್ ಬಂದದ್ದಿಲ್ಲ ಎಂಬ ಜಂಬ ನನಗೆ. ಈ ಚರಂಡಿಯ ಅರ್ಜಿಯೂ ವಾಪಸ್ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ನಮ್ಮ ಬೀದಿಯಲ್ಲಿ ಕೊಳಚೆ ನೀರು ಮನೆ ಬಾಗಿಲಲ್ಲೇ ನಿಲ್ಲುತ್ತಿತ್ತು. ಪುರಸಭೆಗೆ ಬರೆಯೋಣವೆಂದು ನಾನೇ ಮುಂದಾದೆ. ಅರ್ಜಿಗೆ ತೂಕ ಬರಲೆಂದು ಮನೆಮನೆಗೂ ಹೋಗಿ ಸಹಿ ಹಾಕಿಸಿದೆ. ಮೂಲೆಮನೆಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬರಿದ್ದಾರೆ. ಗಂಡ ತೀರಿಕೊಂಡ ಮೇಲೆ ಮನೆಯ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಓಡಾಡುತ್ತಿದ್ದರು. ಅವರ ಮನೆಯ ನೀರು ಹಿಂದಿನ ಗಲ್ಲಿಗೆ ಹರಿದುಹೋಗುತ್ತದೆ. ನಮ್ಮ ಚರಂಡಿಯಿಂದ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದು ಉರ್ದು ಮಾತ್ರ.

"ನೀವು ಬರ್ದಿದ್ದು ಅಂದ್ಮೇಲೆ ನೋಡೋದೇನಿದೆ ಅಣ್ಣಾ," ಎಂದು ಕತ್ತರಿ ಕೆಳಗಿಟ್ಟು ಉರ್ದುವಿನಲ್ಲಿ ಸಹಿ ಹಾಕಿದರು.

ಚರಂಡಿ ಆಯಿತು. ಹಿಂದೆಯೇ ನೋಟಿಸು ಬಂತು. ಖರ್ಚಿನ ಒಂದು ಪಾಲನ್ನು ಬೀದಿಯ ಮನೆಯವರು ತಮ್ಮ ತಮ್ಮ ಗೋಡೆಯ ಉದ್ದದ ಲೆಕ್ಕದಲ್ಲಿ ಕಟ್ಟಬೇಕಂತೆ. ಮೂಲೆಮನೆಯ ಗೋಡೆ ಎಲ್ಲರಿಗಿಂತ ಉದ್ದ. ಬಾಕಿ ಇದ್ದರೆ ಖಾತೆ ಬದಲಾಗುವುದಿಲ್ಲ ಎಂದು ಆಕೆಗೆ ಕಚೇರಿಯಲ್ಲಿ ಹೇಳಿ ಕಳಿಸಿದ್ದರು.

ನಾನು ರೇಗಿಕೊಂಡೇ ಪುರಸಭೆಗೆ ಹೋದೆ. ಬೀದಿಯ ಚರಂಡಿ ಪುರಸಭೆಯ ಕೆಲಸ, ಮನೆಯಿಂದ ಅದಕ್ಕೆ ಕೂಡಿಸುವ ಪೈಪಿನ ಖರ್ಚಷ್ಟೇ ಮನೆಯವರದು, ಪಕ್ಕದಲ್ಲಿ ಜಾಗವಿದೆ ಎಂದ ಮಾತ್ರಕ್ಕೆ ವಸೂಲಿ ಮಾಡುವಂತಿಲ್ಲ ಎಂದು ಅಧಿಕಾರಿಯನ್ನು ದಬಾಯಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ಕಾನೂನು ನೀವು ಹೇಳ್ದಂಗೇ ಇದೆ ಕಣ್ರೀ. ನಾವಾಗೇ ಕೇಳೋಕೆ ಬರಲ್ಲ. ಆದ್ರೆ ನೀವೆಲ್ಲ ಒಪ್ಕೊಂಡು ಬರ್ಕೊಟ್ಟಿದ್ದೀರಲ್ಲ," ಎಂದು ಫೈಲನ್ನು ನನ್ನ ಕಡೆಗೆ ತಿರುಗಿಸಿದರು.

ನನ್ನದೇ ದುಂಡಗಿನ ಅಕ್ಷರ. 'ಈ ಕಾಮಗಾರಿಗೆ ತಗಲುವ ವೆಚ್ಚದಲ್ಲಿ ನಮ್ಮ ಪಾಲನ್ನು ಭರಿಸಲು ನಾವೆಲ್ಲರೂ ಬದ್ಧರಾಗಿರುತ್ತೇವೆ.' ಪಂಪ್‌ಸೆಟ್ಟಿಗೆ ಕರೆಂಟು ಕೇಳುವ ರೈತರ ಅರ್ಜಿಗಳಿಗೆಲ್ಲ ನಾನು ಕೊನೆಯಲ್ಲಿ ಹಾಕುತ್ತಿದ್ದ ಸಾಲು. ಅಲ್ಲಿ ಅದು ಬೇಕಿತ್ತು, ಇಲ್ಲಿ ಯಾರೂ ಕೇಳಿರಲಿಲ್ಲ. ಅರ್ಜಿ ಗಟ್ಟಿಯಾಗಿ ಮುಗಿಯಲಿ ಎಂದು ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸಹಿ ಹಾಕಿದವರಿಗೆ ಆ ಸಾಲನ್ನು ಓದಿ ಹೇಳಿರಲಿಲ್ಲ ಎಂದು ನಾನು ಬರೆದುಕೊಡಬೇಕು, ತಮ್ಮ ಒಪ್ಪಿಗೆ ಇರಲಿಲ್ಲವೆಂದು ಅವರೂ ಬರೆದುಕೊಡಬೇಕು, ಆಗ ನೋಟಿಸು ನಿಲ್ಲುತ್ತದೆ ಎಂದರು ಅಧಿಕಾರಿ.

ಎರಡು ದಿನ ಒದ್ದಾಡಿದೆ. ಊರಿಗೆಲ್ಲ ಅರ್ಜಿ ಬರೆದವನು ತನ್ನ ತಪ್ಪನ್ನು ತಾನೇ ಬರೆದು ಕಚೇರಿಗೆ ಕೊಡುವುದೆಂದರೆ ಸಣ್ಣ ಮಾತೇ? ಆದರೆ ಇಲ್ಲಿ ನನ್ನದು ಹೋದರೆ ಹೆಸರು, ಆಕೆಯದು ಮನೆಯ ಖಾತೆ. ಬರೆದೆ. ಮೂಲೆಮನೆಯಾಕೆ ಕೊಡಬೇಕಾದ ಹೇಳಿಕೆಯನ್ನೂ ಬರೆದು ಅವರ ಮನೆಗೆ ತೆಗೆದುಕೊಂಡು ಹೋಗಿ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ನಾನು ರೂಢಿಯಂತೆ ಸಹಿಯ ಜಾಗಕ್ಕೆ ಬೆರಳಿಟ್ಟು ಪೆನ್ನು ಚಾಚಿದೆ. ಆಕೆ ಪೆನ್ನು ತೆಗೆದುಕೊಂಡು ಸುಮ್ಮನೆ ಹಿಡಿದುಕೊಂಡರು.

"ಮೊದ್ಲಿಂದ ಓದಿ ಅಣ್ಣಾ. ಕೊನೇ ಸಾಲು ಎರಡು ಸಲ ಓದಿ," ಎಂದರು.

ಅಷ್ಟು ವರ್ಷಗಳಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಕನ್ನಡಕ ಹಾಕಿಕೊಂಡು ಓದಿದೆ. ಕೊನೆಯ ಸಾಲಿಗೆ ಬಂದಾಗ ಅದರಡಿ ಬೆರಳಿಟ್ಟುಕೊಂಡೆ. ಅದನ್ನು ಎರಡನೆಯ ಸಲ ಓದಿ ಮುಗಿಸಿದ ಮೇಲೆಯೇ ಆಕೆ ಪೆನ್ನಿನ ಮುಚ್ಚಳ ತೆಗೆದರು.